ಉಳಿದವರ ಪಾಲಿನ ಮಾತ್ರೆ

ಬೇರೆ ಮನೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆ ತಟ್ಟೆ ಬರುತ್ತದೆ. ವನಜಮ್ಮನ ಮನೆಯಲ್ಲಿ ಜಿಂಕ್ ಮಾತ್ರೆ ಬರುತ್ತಿತ್ತು. ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ಕೈ ತೊಳೆದು ಬರುವಷ್ಟರಲ್ಲಿ ಅವಳು ತಲೆಬಾಗಿಲಿಗೆ ಅಡ್ಡಲಾಗಿ ನಿಂತಿರುತ್ತಿದ್ದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬಿಡಿಸಿಟ್ಟ ಮಾತ್ರೆಗಳು. ನುಂಗದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮಗ ಮಹೇಶ ತಪ್ಪಿಸಿಕೊಂಡು ಹೋಗಿ ಗೂಡ್ಸ್ ಆಟೊ ಸ್ಟಾರ್ಟ್ ಮಾಡಿದರೆ, ಸೀರೆ ಎತ್ತಿಕಟ್ಟಿ ಅಂಗಳಕ್ಕೆ ಓಡಿ, ಆಟೊದೊಳಗೇ ಕೈ ತೂರಿಸಿ ಕೊಟ್ಟು ಬಂದದ್ದೂ ಉಂಟು.

ಅದು ಕರೋನಾ ಕಾಲದಲ್ಲಿ ಮನೆಹೊಕ್ಕ ಪದ್ಧತಿ. ಎರಡನೇ ಅಲೆಯಲ್ಲಿ ಅವಳ ಗಂಡ ಸಣ್ಣಸ್ವಾಮಿಯನ್ನು ಆಂಬುಲೆನ್ಸಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದರು. ಜೊತೆಗೆ ಬರುತ್ತೇನೆಂದರೆ ಯಾರನ್ನೂ ಹತ್ತಿಸಲಿಲ್ಲ. ಹಿಂದಿನ ಬಾಗಿಲು ಮುಚ್ಚುವ ಮುಂಚೆ ವನಜಮ್ಮನಿಗೆ ಮಾಡಲು ಸಿಕ್ಕಿದ್ದು ಒಂದೇ ಕೆಲಸ: ಆಸ್ಪತ್ರೆಯವರು ಮನೆಗೆ ಕೊಟ್ಟುಹೋಗಿದ್ದ ಜಿಂಕ್ ಮಾತ್ರೆಯ ಕವರನ್ನು ಗಂಡನ ಅಂಗಿಯ ಜೇಬಿಗೆ ತುರುಕಿದ್ದು. ಅದೇ ವಾರ ಪಕ್ಕದ ಮನೆಯ ಸಿದ್ದರಾಜುವನ್ನೂ ಕರೆದೊಯ್ದರು. ಅವನಿಗೂ ಅದೇ ಮಾತ್ರೆ ಬಂದಿತ್ತು. ವಾಕರಿಕೆ ಬರುತ್ತದೆಂದು ಹಿತ್ತಲಿಗೆ ಎಸೆದಿದ್ದ. ಸಣ್ಣಸ್ವಾಮಿ ಮನೆಗೆ ಬಂದ, ಸಿದ್ದರಾಜು ಬರಲಿಲ್ಲ. ವನಜಮ್ಮನಿಗೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ಡಾಕ್ಟರು ಕೊಡಬೇಕಿತ್ತು!

ಜಿಂಕ್ ಆ ಮನೆಗೆ ಹೊಸದೂ ಅಲ್ಲ. ಹಿರಿಯರ ಕಾಲದಲ್ಲಿ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹೊರಗೆ ನೆಲೆನಿಂತ ಕುಟುಂಬ ಅವರದು. ಒಂದಿಷ್ಟು ಗದ್ದೆ, ಉಳಿದದ್ದೆಲ್ಲ ಶುಂಠಿ. ಶುಂಠಿಯ ಎಲೆ ಹಳದಿಗೆ ತಿರುಗಿದರೆ ಜಿಂಕ್ ಪುಡಿಯನ್ನು ನೀರಿಗೆ ಕಲಸಿ ಹೊಡೆಯುತ್ತಾರೆ. ಕೆಲವು ದಿನ ಕಳೆದರೆ ಸಾಲಿಗೆ ಸಾಲೇ ಹಸಿರಾಗುತ್ತದೆ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ವರ್ಷಾನುಗಟ್ಟಲೆ ಅದನ್ನೇ ಹೊಡೆದ ಸಣ್ಣಸ್ವಾಮಿ, ಮಾತ್ರೆಯ ವಿಷಯದಲ್ಲಿ ಹೆಂಡತಿಯ ಪಕ್ಷ.

"ಗಿಡಕ್ಕೆ ಹಿಡಿಯೋದು ಮನ್ಸನಿಗೆ ಹಿಡಿಯಲ್ವಾ? ಕೊಡು ಇತ್ಲಾಗೆ," ಎಂದು ಗುಟುಕು ನೀರಿನಲ್ಲಿ ನುಂಗಿಬಿಡುತ್ತಿದ್ದ.

ಮೊದಮೊದಲು ಎಲ್ಲರೂ ನುಂಗಿದರು. ಹೆದರಿಕೆ ಇಳಿಯುತ್ತಿದ್ದ ಹಾಗೆ ಒಬ್ಬೊಬ್ಬರೇ ಜಾರಿಕೊಂಡರು. ಮೊದಲು ಮಹೇಶ. ಆಮೇಲೆ ಸೊಸೆ ತೇಜಸ್ವಿನಿ. ಅವಳು ಕುಶಾಲನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುವವಳು. ಬಸ್ಸು ತಪ್ಪುತ್ತೆ ಎಂದು ಒಂದು ದಿನ ನುಂಗದೆ ಹೋದಳು, ಮತ್ತೆ ಬಸ್ಸು ದಿನಾ ತಪ್ಪುವಂತಾಯಿತು. ಬಿಡಿಸಿದ ಮಾತ್ರೆ ಏನು ಮಾಡುವುದು? ಮಿಕ್ಕ ಮುದ್ದೆಯನ್ನು, ತಳದ ಸಾರನ್ನು ಆ ಮನೆಯಲ್ಲಿ ಚೆಲ್ಲಿದ್ದೇ ಇಲ್ಲ. ಯಾರಾದರೂ ಉಣ್ಣುತ್ತಾರೆ, ಸಾಮಾನ್ಯವಾಗಿ ಮನೆಯ ಯಜಮಾನನೇ. ಮಾತ್ರೆಗೂ ಅದೇ ನ್ಯಾಯವಾಯಿತು. ಮಗನ ಪಾಲು ಮಧ್ಯಾಹ್ನಕ್ಕೆ, ಸೊಸೆಯ ಪಾಲು ಸಂಜೆಗೆ, ಎರಡೂ ಸಣ್ಣಸ್ವಾಮಿಯ ಹೊಟ್ಟೆಗೆ. ಹೇಗೂ ಒಂದು ಸಲ ಸಾವಿನ ಬಾಗಿಲು ತಟ್ಟಿ ಬಂದ ಜೀವ, ಜಾಸ್ತಿ ಬೇಕಾಗುವುದು ಅದಕ್ಕೇ ಎಂದು ವನಜಮ್ಮನ ಲೆಕ್ಕ. ಇದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟದ್ದೂ ಅಲ್ಲ, ಯಾರೂ ಕೇಳಲಿಲ್ಲ.

ಜಗಳ ಹತ್ತಿಕೊಂಡಿದ್ದು ಈ ಜೂನ್ ತಿಂಗಳಲ್ಲಿ, ಮೊಮ್ಮಗಳು ಪುಟ್ಟಿಯ ದೆಸೆಯಿಂದ. ಶಾಲೆ ಶುರುವಾದ ವಾರವೇ ಅವಳಿಗೆ ಮೂಗು ಸುರಿಯತೊಡಗಿತು. ಅಜ್ಜಿ ಹಿತ್ತಲ ಕಟ್ಟೆಯಲ್ಲಿ ಕೂರಿಸಿಕೊಂಡು ಜೇನುತುಪ್ಪ ನೆಕ್ಕಿಸುವಾಗ ತೇಜಸ್ವಿನಿ ಬಂದಳು.

"ಅತ್ತೆ, ಅವಳಿಗೇನು ಕೊಡ್ತಿದೀರಾ?"

"ಜೇನುತುಪ್ಪ."

"ಜೇನುತುಪ್ಪದ ಒಳಗೆ?"

ವನಜಮ್ಮ ಚಮಚವನ್ನು ಸೆರಗಿಗೆ ಒರೆಸಿದಳು. "ಒಂದ್ ಅರ್ಧ ಪುಡಿ ಮಾಡಿ ಹಾಕ್ದೆ. ನೆಗಡಿ ಅಂದ್ರೂ ವೈರಸ್ಸೇ ಕಣಮ್ಮ."

"ನಿನ್ನೆ ಸ್ಕೂಲಲ್ಲಿ ವಾಂತಿ ಮಾಡ್ಕೊಂಡಿದಾಳೆ. ಮಿಸ್ಸು ಫೋನ್ ಮಾಡಿದ್ರು. ಇದಕ್ಕೇ ಅಲ್ವಾ? ದಿನಾ ಕೊಡ್ತಾನೇ ಇದೀರಿ, ಮತ್ತೆ ಇವಳಿಗೆ ನೆಗಡಿ ಯಾಕೆ ಬಂತು?"

"ಕೊಟ್ಟಿದ್ದಕ್ಕೆ ನೆಗಡೀಲಿ ಹೋಯ್ತು. ಇಲ್ದಿದ್ರೆ ಇನ್ನೇನಾಗೋದೋ!"

ತೇಜಸ್ವಿನಿ ಮಗುವಿನ ರಟ್ಟೆ ಹಿಡಿದು ಎಬ್ಬಿಸಿದಳು. "ಇನ್ನು ಇವಳ ಬಾಯಿಗೆ ನೀವು ಏನೂ ಹಾಕ್ಬೇಡಿ. ಔಷಧಿ ಅಂತೂ ಬೇಡವೇ ಬೇಡ," ಎಂದು ಒಳಗೆ ಹೋದಳು.

ಮಹೇಶ ಬಂದ ಮೇಲೆ ಎರಡನೇ ಸುತ್ತು ನಡೆಯಿತು. ಉಪ್ಸಾರಿನ ಮುಂದೆ ಕೂತವನಿಗೆ ಹೆಂಡತಿ ಒಂದು ಕಡೆಯಿಂದ, ಅವ್ವ ಇನ್ನೊಂದು ಕಡೆಯಿಂದ. ಅವನು ಮುದ್ದೆಯನ್ನು ಮುರಿದು ಮುರಿದು ಸಾರಿನಲ್ಲಿ ಹೊರಳಿಸಿ, "ಬಿಡವ್ವ, ಅವಳ ಮಗು, ಅವಳು ನೋಡ್ಕತಾಳೆ. ನೀನು ಅಪ್ಪನ್ನ ನೋಡ್ಕೊ," ಎಂದ. ಜಗಳ ಬಗೆಹರಿಸಿದೆ ಅಂದುಕೊಂಡ. ಸಣ್ಣಸ್ವಾಮಿ ಮಾತ್ರ, "ಮಗೀನ ಪಾಲಿಂದೂ ನಂಗೇ ಕೊಟ್ಬಿಡೇ ಅತ್ಲಾಗೆ," ಎಂದು ನಕ್ಕ. ತಮಾಷೆಗೆ ಅಂದದ್ದು. ವನಜಮ್ಮ ಅದನ್ನೂ ಪಾಲಿಸಿದಳು.

ಅಲ್ಲಿಂದ ಮನೆಯ ಬೆಳಗು ಬೇರೆಯಾಯಿತು. ಸೊಸೆ ಬೇಗನೆ ರೊಟ್ಟಿ ತಟ್ಟಿ, ಮಗುವಿಗೆ ತಿನ್ನಿಸಿ, ಹಿಂದಿನ ಬಾಗಿಲಿಂದ ಹೊರಟುಬಿಡುತ್ತಿದ್ದಳು. ಮಗನ ಆಟೊ ಅದಕ್ಕೂ ಮುಂಚೆಯೇ ಹೋಗಿರುತ್ತಿತ್ತು. ತಲೆಬಾಗಿಲಲ್ಲಿ ಚೊಂಬು ಹಿಡಿದು ನಿಂತರೆ ದಾಟುವವರೇ ಇಲ್ಲ. ಎಲ್ಲರನ್ನೂ ಒಂದು ಸಲ ಮುಖ ನೋಡಿ ಕಳಿಸುವ ಹೊತ್ತು ಅದೊಂದೇ ಇತ್ತು ಅವಳಿಗೆ. ಅಡಿಗೆಮನೆ ಎಂದೋ ಸೊಸೆಯದಾಗಿತ್ತು, ಯಜಮಾನಿಕೆ ಮಗನದಾಗಿತ್ತು, ಅದು ಸರಿಯೇ. ಈ ಮಾತ್ರೆ ಕೊಡುವ ಕೆಲಸವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಈಗ ಅವಳಿಗೆ ತನ್ನ ಮನೆಯೊಳಗೇ ತಾನು, ಯಾರೋ ನೆಂಟರ ಮನೆಗೆ ಬಂದು ಹೊರಡುವುದು ತಡವಾದವಳ ಹಾಗೆ ಅನ್ನಿಸತೊಡಗಿತು.

ಸಣ್ಣಸ್ವಾಮಿಯ ಕಾಲಿನ ವಿಷಯ ಮೊದಲು ಕಂಡದ್ದು ಶುಂಠಿ ಹೊಲದಲ್ಲಿ ಕೆಲಸಕ್ಕಿದ್ದ ಲಿಂಗನಿಗೆ. "ಗೌಡ್ರೇ, ಒಂದ್ ಚಪ್ಪಲಿ ಎಲ್ಲಿ?" ಎಂದ. ನೋಡಿಕೊಂಡರೆ ಬಲಗಾಲು ಬರಿಗಾಲು. ಚಪ್ಪಲಿ ಹಿಂದೆ ಕೆಸರಿನಲ್ಲಿ ಕಚ್ಚಿಕೊಂಡು ಉಳಿದಿತ್ತು. ಕಳಚಿದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಆ ದಿನ ನಕ್ಕರು. ಮತ್ತೆ ಮತ್ತೆ ಆದಾಗ ನಗು ನಿಂತಿತು. ಆಮೇಲೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಾಕಿ ಕಣ್ಣು ಮುಚ್ಚಿದರೆ ತೂರಾಡುವುದು ಶುರುವಾಯಿತು. ಕಣ್ಣು ಬಿಟ್ಟು ಕಾಲು ನೋಡಿಕೊಂಡರೆ ನಿಲ್ಲುತ್ತಾನೆ, ಮುಚ್ಚಿದರೆ ಗೋಡೆ ಹಿಡಿಯಬೇಕು.

"ಹತ್ತಿ ಮೇಲೆ ನಡ್ದಂಗೆ ಆಯ್ತದೆ ಕಣೇ," ಎಂದ ಹೆಂಡತಿಗೆ. "ನೆಲ ಎಲ್ಲೈತೆ ಅಂತಾನೇ ತಿಳಿಯಲ್ಲ."

ವನಜಮ್ಮ ಅವನ ಕೆನ್ನೆ ಸವರಿ, ಕಣ್ಣಿನ ಕೆಳಗೆ ಎಳೆದು ನೋಡಿದಳು. ರಕ್ತವಿಲ್ಲದೆ ಬಿಳಿಚಿಕೊಂಡಿತ್ತು, ಹಳದಿ ಹಳದಿ. ಹಳದಿ ಕಂಡರೆ ಏನು ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮಲಗುವ ಮುಂಚೆ ಹಾಲಿನ ಜೊತೆ ಇನ್ನೊಂದು ಮಾತ್ರೆ ಸೇರಿತು.

ಗದ್ದೆಯ ಬದುವಿನಿಂದ ಅವನು ಮಗುಚಿ ಬಿದ್ದ ದಿನ ಮಹೇಶ ಆಸ್ಪತ್ರೆಗೆ ಕರೆದೊಯ್ದ. ಕುಡಿತವೇ ಎಂದು ಕೇಳಿದರು, ಇಲ್ಲ. ಸಕ್ಕರೆ ಕಾಯಿಲೆಯೇ ಎಂದು ನೋಡಿದರು, ಇಲ್ಲ. ರಕ್ತ ಕಮ್ಮಿಯಿದೆ, ವಯಸ್ಸಿನ ನರದೌರ್ಬಲ್ಯ ಎಂದು ಇಂಜೆಕ್ಷನ್ ಬರೆದರು. "ಬೇರೆ ಯಾವುದಾದ್ರೂ ಮಾತ್ರೆ ತಗೋತೀರಾ?" ಎಂದೂ ಕೇಳಿದರು. ಸಣ್ಣಸ್ವಾಮಿ, "ಏನಿಲ್ಲ ಸಾರ್," ಅಂದ. ಪಕ್ಕದಲ್ಲಿ ನಿಂತಿದ್ದ ವನಜಮ್ಮನೂ ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳಲಿಲ್ಲ. ಮಾತ್ರೆ ಅಂದರೆ ಕಾಯಿಲೆಗೆ ತಗೊಳ್ಳುವುದು. ಇದು ಅನ್ನದ ಜೊತೆಯ ಉಪ್ಪಿನ ಹಾಗೆ ದಿನದ್ದು.

ಇಂಜೆಕ್ಷನ್ನೆಲ್ಲ ಮುಗಿದರೂ ಕಾಲು ಮೊದಲಿನಂತಾಗಲಿಲ್ಲ, ಮರಗಟ್ಟುವುದು ಇನ್ನೂ ಮೇಲಕ್ಕೆ ಏರಿತು. ಜುಲೈ ಕೊನೆಗೆ ನಾಟಿಯ ಗಡಿಬಿಡಿಯ ನಡುವೆಯೇ ಮೈಸೂರಿನ ನರದ ಡಾಕ್ಟರ ಬಳಿ ಹೋದರು. ತೇಜಸ್ವಿನಿ ಅಂಗಡಿಗೆ ರಜೆ ಹಾಕಿ ಬಂದಿದ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲ ದಿನ ರಕ್ತ ತೆಗೆಸಿ ಕಳಿಸಿದರು. ರಿಪೋರ್ಟು ಬಂದ ಮೇಲೆ ಮತ್ತೆ ಕರೆಸಿ, ಕಾಗದವನ್ನು ಎರಡು ಸಲ ಓದಿ ಕೇಳಿದರು.

"ಇವರ ಮೈಯಲ್ಲಿ ತಾಮ್ರಾನೇ ಇಲ್ಲ. ಜಿಂಕ್ ವಿಪರೀತ ಇದೆ. ಮನೇಲಿ ಜಿಂಕ್ ಏನಾದ್ರೂ ತಿಂತಾರಾ?"

"ಅತ್ತೆ ಒಂದು ಮಾತ್ರೆ ಕೊಡ್ತಾರೆ. ಕೋವಿಡ್ ಆದಾಗಿಂದ," ಎಂದಳು ತೇಜಸ್ವಿನಿ.

"ಒಂದು ಮಾತ್ರೆಗೆ ಇಷ್ಟಾಗಲ್ಲ. ಎಷ್ಟು ಕೊಡ್ತೀರಮ್ಮ?"

ವನಜಮ್ಮ ಬೆರಳು ಮಡಿಸುತ್ತ ಹೇಳಿದಳು. ಮುಚ್ಚುಮರೆ ಏನೂ ಇರಲಿಲ್ಲ ಅವಳಿಗೆ. "ಬೆಳಿಗ್ಗೆ ಇವ್ರದು. ಮಧ್ಯಾಹ್ನ ನಮ್ಮ ಹುಡುಗಂದು. ಸಂಜೆ ಇವಳದು. ಮಗೀದು ಅರ್ಧ. ಈಚೆಗೆ ಮಲಗೋವಾಗ ಇನ್ನೊಂದು, ಹಾಲ್ನಲ್ಲಿ."

"ನಂದೂನಾ?" ಎಂದ ಮಹೇಶ. "ನಾನ್ ಬಿಟ್ಟು ಎಷ್ಟ್ ಕಾಲ ಆಯ್ತವ್ವ!"

"ನೀನು ಬಿಟ್ಟೆ. ಮಾತ್ರೆ ಎಲ್ಲಿಗೆ ಹೋಗ್ಬೇಕಪ್ಪ?"

ಡಾಕ್ಟರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನಿಧಾನವಾಗಿ ಹೇಳಿದರು. "ಮನುಷ್ಯನ ಮೈಗೆ ತಾಮ್ರಾನೂ ಬೇಕಮ್ಮ, ಚೂರೇ ಚೂರು. ಜಿಂಕ್ ಜಾಸ್ತಿ ಆದ್ರೆ ಕರುಳು ತಾಮ್ರಾನ ಒಳಗೆ ಬಿಟ್ಕೊಳ್ಳಲ್ಲ. ಅದಿಲ್ದೆ ರಕ್ತ ಇಳಿದಿದೆ, ಬೆನ್ನುಹುರಿಗೆ ಪೆಟ್ಟು ಬಿದ್ದಿದೆ. ಇವತ್ತಿಂದ ಜಿಂಕ್ ನಿಲ್ಲಿಸಿ, ತಾಮ್ರ ಕೊಡೋಣ. ರಕ್ತ ಸರಿ ಹೋಗುತ್ತೆ. ಕಾಲು ಮಾತ್ರ ಎಷ್ಟು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ. ನಿಲ್ಲಿಸಿದ್ರೆ ಇಷ್ಟಕ್ಕೇ ನಿಲ್ಲುತ್ತೆ. ಇಲ್ದಿದ್ರೆ ಗಾಲಿ ಕುರ್ಚಿ ಮೇಲೇ ಕೂರಬೇಕಾಗುತ್ತೆ."

"ಆದ್ರೆ ಕರೋನಾದಲ್ಲಿ ಇವ್ರನ್ನ ಉಳಿಸ್ಕೊಟ್ಟಿದ್ದು ಅದೇ ಅಲ್ವಾ?" ಎಂದಳು ವನಜಮ್ಮ.

"ಹಾಗಂತ ಹೇಳಕ್ಕಾಗಲ್ಲಮ್ಮ. ಆಗ ಸುಮಾರು ಜನಕ್ಕೆ ಕೊಟ್ವಿ. ತಗೊಂಡವರಲ್ಲೂ ಹೋದವರಿದ್ದಾರೆ, ತಗೊಳ್ಳದೆ ಉಳಿದವರೂ ಇದ್ದಾರೆ. ನೆಗಡಿ ಆದ್ರೆ ಒಂದೆರಡು ದಿನ ಬೇಗ ಬಿಡಬಹುದು, ಅದೂ ಖಾತ್ರಿ ಇಲ್ಲ. ವೈರಸ್ಸನ್ನ ಬಾಗಿಲಲ್ಲೇ ತಡೆಯುತ್ತೆ ಅನ್ನೋದಂತೂ ಇಲ್ಲ."

"ಹಂಗಾರೆ ಇವ್ರನ್ನ ಉಳಿಸಿದ್ದು ಏನು?"

ಡಾಕ್ಟರು ಚೀಟಿ ಬರೆಯುತ್ತಿದ್ದರು. "ಅದನ್ನ ಯಾರು ಹೇಳಕ್ಕಾಗುತ್ತೆ," ಎಂದರು.

ಹಿಂದಿರುಗುವಾಗ ಆಟೊದ ಹಿಂದೆ ಹಾಸಿದ ಚಾಪೆಯ ಮೇಲೆ ಗಂಡನ ಪಕ್ಕ ಕೂತಿದ್ದ ವನಜಮ್ಮ ಪಿರಿಯಾಪಟ್ಟಣ ದಾಟುವವರೆಗೂ ಬೈಗುಳಕ್ಕೆ ಕಾದಳು. ಬೈಲಕುಪ್ಪೆ ಬಂತು, ಕಾವೇರಿ ಸೇತುವೆ ಬಂತು, ಯಾರೂ ಬೈಯಲಿಲ್ಲ. ಮಗ ಮುಂದೆ ರಸ್ತೆ ನೋಡುತ್ತಿದ್ದ. ಸೊಸೆ ಫೋನ್ ನೋಡುತ್ತಿದ್ದಳು. ಗಂಡ ತನ್ನ ಎರಡು ಪಾದಗಳನ್ನು ಬೇರೆಯವರ ವಸ್ತುವಿನ ಹಾಗೆ ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಅಡಿಗೆಮನೆಯ ಗೂಡಿನಲ್ಲಿದ್ದ ಮಾತ್ರೆಯ ಡಬ್ಬಿಯನ್ನು ತೇಜಸ್ವಿನಿ ಎತ್ತಿಕೊಂಡಳು. ಜ್ವರದ್ದು, ನೋವಿನದ್ದು, ವಿಕ್ಸ್ ಡಬ್ಬಿ, ಎಲ್ಲವೂ ಅವಳ ಕೋಣೆಯ ಬೀರುವಿಗೆ ಹೋದವು. ತಾಮ್ರದ ಮಾತ್ರೆ ಊರ ಅಂಗಡಿಗಳಲ್ಲಿ ಸಿಗದೆ ಮೈಸೂರಿನಿಂದ ತರಿಸಬೇಕಾಗಿತ್ತು, ಅದೂ ಅಲ್ಲಿಗೇ. ಕೆಲಸಕ್ಕೆ ಹೊರಡುವ ಮುಂಚೆ ಅವಳೇ ಮಾವನಿಗೆ ನುಂಗಿಸಿ, ಬೀಗ ತಿರುಗಿಸಿ ಹೋಗುತ್ತಿದ್ದಳು. ಬಚ್ಚಲು ಹತ್ತಿರವಾಗಲೆಂದು ಸಣ್ಣಸ್ವಾಮಿಯ ಮಂಚವನ್ನು ನಡುಮನೆಗೆ ತಂದು ಹಾಕಿದರು. ಇಷ್ಟು ವರ್ಷ ಅವನ ಗೊರಕೆಗೆ ಗೊಣಗುತ್ತಲೇ ನಿದ್ದೆ ಹೋಗುತ್ತಿದ್ದ ವನಜಮ್ಮ ಕೋಣೆಯಲ್ಲಿ ಒಬ್ಬಳೇ ಆದಳು.

ಅವಳು ಮೊದಲಿಗಿಂತ ಜಾಸ್ತಿ ಕೆಲಸ ಮಾಡಿದಳು. ನಾಟಿಯಾಳುಗಳಿಗೆ ಬುತ್ತಿ ಕಟ್ಟಿದಳು, ಕೊಟ್ಟಿಗೆ ಗುಡಿಸಿದಳು, ಎಳೆಬಿದಿರಿನ ಕಣಲೆ ಹೆಚ್ಚಿ ನೀರಲ್ಲಿ ನೆನೆಹಾಕಿ ಪಲ್ಯ ಮಾಡಿದಳು. ಬಡಿಸಿದರೆ ಉಣ್ಣುತ್ತಿದ್ದರು. ಚೆನ್ನಾಗಿದೆ ಎಂದೂ ಇಲ್ಲ, ಉಪ್ಪಾಯಿತು ಎಂದೂ ಇಲ್ಲ. ಒಂದು ಸಂಜೆ ಶಾಲೆಯಿಂದ ಬಂದ ಪುಟ್ಟಿಗೆ ಕೊಬ್ಬರಿ ಮಿಠಾಯಿ ಚಾಚಿದಳು. ಮಗು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಿತು.

"ಅಜ್ಜಿ ಕೊಟ್ಟಿದ್ದು ಕೇಳ್ದೇ ತಿನ್ಬಾರ್ದಂತೆ. ಅಮ್ಮ ಬರ್ಲಿ."

ಸಿಟ್ಟು ಬರಲಿಲ್ಲ ವನಜಮ್ಮನಿಗೆ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಮಿಠಾಯಿಯನ್ನು ತಟ್ಟೆಯಲ್ಲಿ ಮುಚ್ಚಿಟ್ಟು, "ಹೌದು ಕಣವ್ವ, ಅಮ್ಮ ಬರ್ಲಿ," ಎಂದು ಹಿತ್ತಲಿಗೆ ಹೋಗಿ ಪಾತ್ರೆ ಉಜ್ಜತೊಡಗಿದಳು. ತೊಳೆದಿದ್ದ ಪಾತ್ರೆಯನ್ನೇ ಮತ್ತೆ ಉಜ್ಜಿದ್ದು ಆಮೇಲೆ ಗೊತ್ತಾಯಿತು.

ಮಾರನೆಯ ದಿನ ಆಟೊ ತೊಳೆಯುತ್ತಿದ್ದ ಮಗನ ಹತ್ತಿರ ಹೋಗಿ ನಿಂತಳು.

"ಬೈಯೋ ಮಗ. ಒಂದ್ಸಲ ಬಾಯ್ತುಂಬ ಬೈದ್ಬಿಡು."

"ಬೈದ್ರೆ ಅಪ್ಪನ ಕಾಲು ಬತ್ತದಾ?"

"ಹಿಂಗೆ ಸುಮ್ನಿದ್ರೆ ನಂಗೆ ಉಸಿರು ಕಟ್ಟುತ್ತೆ ಕಣ್ಲಾ."

ಮಹೇಶ ಬಕೆಟ್ ಕೆಳಗಿಟ್ಟ. "ಏನಂತ ಬೈಯ್ಲವ್ವ? ನಾನು ಬ್ಯಾಡ ಅಂದೆ, ನನ್ ಪಾಲಿಂದು ಎಲ್ಲಿಗೋಯ್ತು ಅಂತ ಒಂದಿನ ಕೇಳಿದ್ನಾ? ತೇಜು ಮಾತ್ರೆ ಖಾಲಿ ಪಟ್ಟಿ ಗುಡಿಸಿ ಗುಡಿಸಿ ಹೊರಗೆ ಹಾಕ್ತಿದ್ಳು. ಅವಳು ಕೇಳಿದ್ಳಾ? ನಿನ್ನ ಬೈಯಕ್ಕೆ ಹೋದ್ರೆ ಅದು ತಿರುಗಿ ನನ್ ಮೇಲೇ ಬತ್ತದೆ." ಮತ್ತೆ ಬಕೆಟ್ ಎತ್ತಿ ಚಕ್ರಕ್ಕೆ ನೀರು ಎರಚಿದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಅವಳಿಗೆ ಬೇಕಾಗಿದ್ದು ನ್ಯಾಯವಲ್ಲ.

ಸಣ್ಣಸ್ವಾಮಿಯಂತೂ ಬಾಯಿಗೆ ಬೀಗ ಹಾಕಿಕೊಂಡವನಂತಾದ. ಮಂಚದ ಮೇಲೆ ಕೂತು ಕಿಟಕಿಯಿಂದ ಹೊಲದ ಕಡೆ ನೋಡುವುದು. ಲಿಂಗ ಬಂದರೆ ಶುಂಠಿಯ ಕೊಳೆರೋಗದ ಬಗ್ಗೆ ಎರಡು ಮಾತು. ಕೋಲು ಹಿಡಿದು, ಕಣ್ಣನ್ನು ಪಾದದಿಂದ ತೆಗೆಯದೆ ಬಚ್ಚಲಿಗೆ ಹೋಗಿಬರುವುದು. ವನಜಮ್ಮ ತೋಳು ಹಿಡಿಯಲು ಹೋದರೆ, "ಬಿಡು, ಹೋಯ್ತೀನಿ," ಎನ್ನುತ್ತಿದ್ದ. ಬಿಡು ಎಂಬ ಆ ಒಂದು ಮಾತಿನಲ್ಲಿ ಅವಳು ಊರಷ್ಟು ಬೈಗುಳ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಕೈ ಮುಟ್ಟುವುದೂ ಅವರಿಗೆ ಬೇಡವಾಗಿದೆ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಆಗಸ್ಟ್ ನಡುವಿಗೆ ಊರಿಡೀ ಜ್ವರ ಎದ್ದಿತು. ಶಾಲೆಯಲ್ಲಿ ಅರ್ಧ ಮಕ್ಕಳಿಲ್ಲ, ನಾಟಿಯಾಳುಗಳಲ್ಲಿ ಅರ್ಧ ಜನವಿಲ್ಲ. ಪುಟ್ಟಿ ಮೂರ್ನಾಲ್ಕು ದಿನ ಕೆಮ್ಮಿ ಎದ್ದು ಓಡಾಡಿದಳು. ಅವಳು ಎದ್ದ ದಿನ ಸಣ್ಣಸ್ವಾಮಿ ಮಲಗಿದ. ಮೈ ಕೆಂಡ. ಕುಶಾಲನಗರದ ಡಾಕ್ಟರು ಮೂಗಿನಿಂದ ಮಾದರಿ ತೆಗೆಸಿ ನೋಡಿ, ಇದು ಫ್ಲೂ ಎಂದರು. ಜ್ವರದ ಮಾತ್ರೆ, ಇನ್ನೊಂದು ಔಷಧಿ, ಚೆನ್ನಾಗಿ ನೀರು, ವಿಶ್ರಾಂತಿ. ಉಸಿರಿಗೆ ತೊಂದರೆಯಾದರೆ ತಕ್ಷಣ ಕರೆತನ್ನಿ. ತೇಜಸ್ವಿನಿ ಎಲ್ಲವನ್ನೂ ಹೊತ್ತುಹೊತ್ತಿಗೆ ಕೊಟ್ಟಳು. ಅವಳ ಕೆಲಸದಲ್ಲಿ ಒಂದು ಕುಂದು ಹೇಳುವ ಹಾಗಿರಲಿಲ್ಲ.

ವನಜಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಗಂಡನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಪ್ರತಿ ಕೆಮ್ಮಿಗೂ ಒಂದು ಹೆಜ್ಜೆ ಒಳಗೆ ಬಂದು ನಿಲ್ಲುತ್ತಿದ್ದಳು. ಇಷ್ಟು ವರ್ಷ ಅವಳಿಗೂ ಆ ಆಂಬುಲೆನ್ಸಿಗೂ ನಡುವೆ ಇದ್ದದ್ದು ಅದೊಂದು ಮಾತ್ರೆ. ಈಗ ನಡುವೆ ಏನೂ ಇಲ್ಲ. ಡಾಕ್ಟರಮ್ಮ ಹೇಳಿದ್ದು ನಿಜವಿರಬಹುದು. ಇಲ್ಲದಿದ್ದರೆ? ಕಾಲು ಹೋದ ಗಂಡನಾದರೂ ಮಂಚದ ಮೇಲಿರುತ್ತಾನೆ, ಉಸಿರು ಹೋದರೆ ಎಲ್ಲಿ ಹುಡುಕುವುದು?

ಮರುದಿನ ಮಗ ಸೊಸೆ ಕೆಲಸಕ್ಕೆ, ಮಗು ಶಾಲೆಗೆ ಹೋದ ಮೇಲೆ ಲಿಂಗನನ್ನು ಜಗಲಿಯಲ್ಲಿ ಕೂರಿಸಿ, "ಗೌಡ್ರನ್ನ ನೋಡ್ಕತಿರು, ಈಗ್ಬಂದೆ," ಎಂದು ಬಸ್ಸು ಹತ್ತಿದಳು. ಮಾರ್ಕೆಟ್ ಪಕ್ಕದ ಮೆಡಿಕಲ್ಸಿನವನಿಗೆ ಅವಳ ಗುರುತಿತ್ತು.

"ಏನಮ್ಮ, ಈ ಕಡೆ ಬಂದೇ ಇಲ್ಲ? ಮಾಮೂಲಿದ್ದೇ ತಾನೇ?"

"ಊಂ. ಒಂದ್ ಪಟ್ಟಿ ಸಾಕು."

ಮಾತ್ರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ಮಾತಾಡಿಸಿದರೆ ಏನು ಉತ್ತರ ಕೊಟ್ಟಳೋ ನೆನಪಿಲ್ಲ. ಕಳ್ಳತನ ಎಂದರೆ ಹೀಗೇ ಇರುತ್ತದೇನೋ ಅನ್ನಿಸಿತು. ಸ್ವಂತ ಗಂಡನಿಗೆ ಕೊಡುವುದಕ್ಕೆ ಸ್ವಂತ ಮನೆಯೊಳಗೆ ಕಳ್ಳಿಯ ಹಾಗೆ ಬಂದು, ಲಿಂಗನನ್ನು ಹೊಲಕ್ಕೆ ಕಳಿಸಿದಳು.

ನಡುಮನೆಯಲ್ಲಿ ಸಣ್ಣಸ್ವಾಮಿ ಕಣ್ಣು ಮುಚ್ಚಿ ಮಲಗಿದ್ದ. ಹಣೆ ಮುಟ್ಟಿದಳು, ಜ್ವರ ಹಾಗೇ ಇತ್ತು. ಚೊಂಬಿನಲ್ಲಿ ಬಿಸಿನೀರು ತಂದಿಟ್ಟು, ಮಂಚದ ಅಂಚಿನಲ್ಲಿ ಕೂತು, ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದಳು. ಒಂದೇ ಒಂದು. ಒಂದಕ್ಕೆ ಏನಾಗುತ್ತದೆ? ಇವತ್ತೊಂದು ದಿನ. ನಾಳೆ ಜ್ವರ ಬಿಟ್ಟರೆ ಉಳಿದದ್ದನ್ನು ಒಲೆಗೆ ಹಾಕಿಬಿಡುತ್ತೇನೆ.

"ರೀ," ಎಂದಳು.

ಸಣ್ಣಸ್ವಾಮಿ ಕಣ್ಣು ತೆರೆಯಲಿಲ್ಲ. ಬಾಯಿ ತೆರೆದ.

ವನಜಮ್ಮನ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಏಳು ವರ್ಷದ ಮಗುವೂ ಈಗ ಅವಳ ಕೈ ಕಂಡರೆ ಬೆನ್ನ ಹಿಂದೆ ಕೈ ಕಟ್ಟುತ್ತದೆ. ಈ ಕೈಯಿಂದಲೇ ಕಾಲು ಕಳೆದುಕೊಂಡ ಮನುಷ್ಯ ಕಣ್ಣು ಕೂಡ ಬಿಡದೆ ಬಾಯಿ ತೆರೆದು ಕಾಯುತ್ತಿದ್ದಾನೆ. ಅವಳು ಏನು ಹಾಕಿದರೂ ನುಂಗುತ್ತಾನೆ. ಇಷ್ಟು ದಿನ ಅದು ಅವಳ ಹೆಮ್ಮೆಯಾಗಿತ್ತು. ಈಗ ಅದಕ್ಕೇ ಹೆದರಿಕೆಯಾಯಿತು.

"ಏನು ಅಂತ ಕೇಳ್ಬಾರ್ದಾ ನೀವು?" ಅವಳು ಕೈ ಹಿಂದಕ್ಕೆಳೆದುಕೊಂಡಳು. "ಇಷ್ಟಾದ ಮೇಲೂ ಕೇಳ್ಬಾರ್ದಾ?"

ಅವನು ಕಣ್ಣು ಬಿಟ್ಟ. "ನಿನ್ ಕೈಯಿಂದ ಇಸ್ಕೊಳೋವಾಗ ಯಾವತ್ತು ಕೇಳಿದ್ದೆ?"

"ಅದುಕ್ಕೇ ಹಿಂಗಾಯ್ತು. ಒಂದ್ ಮಾತು ಬೈಯ್ಲಿಲ್ಲ ನೀವು. ತೋಳು ಹಿಡಿಯಕ್ಕೆ ಬಂದ್ರೆ ಬಿಡು ಅಂತೀರಿ. ಮನೇಲಿ ಇಷ್ಟು ಜನ ಇದ್ದೀವಿ, ನಾನೊಬ್ಳೇ ಇದ್ದಂಗೆ ಐತೆ ನಂಗೆ."

ಸಣ್ಣಸ್ವಾಮಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅವಳು ಅವನ ಎದೆ ನೀವಿದಳು. ಅವನು ಬೇಡವೆನ್ನಲಿಲ್ಲ.

"ಬಿಡು ಅಂದಿದ್ದು ನಿನ್ ಮೇಲೆ ಬಿದ್ದು ನಿನ್ನೂ ಕೆಡವಿ ಹಾಕ್ತೀನಿ ಅಂತ," ಎಂದ ಮೆಲ್ಲಗೆ. "ಬೈಯ್ಬೇಕು ಅಂತ ನಂಗೂ ಬಂದಿತ್ತು ಕಣೇ. ಬಂದಿರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಬೈದ್ರೆ ನೀನು ಹಿತ್ಲಿಗೋಗಿ ಒಬ್ಳೇ ಕೂತ್ಕಂಡು ಅಳ್ತೀಯ. ಮೊದ್ಲಾಗಿದ್ರೆ ಎದ್ದು ಬಂದು ಕರ್ಕೊಂಡು ಬತ್ತಿದ್ದೆ. ಈಗ ಅಲ್ಲಿಗಂಟ ಬರಕ್ಕೆ ನಂಗೆ ಕಾಲಿಲ್ಲ."

ವನಜಮ್ಮನಿಗೆ ಅಳು ತಡೆಯಲಾಗಲಿಲ್ಲ. ಅವನ ಮಂಚದ ಮೇಲೇ, ಅವನ ಕಣ್ಣೆದುರಿಗೇ ಕೂತು ಅತ್ತಳು. ಅವನೂ ಸುಮ್ಮನಿರು ಎನ್ನಲಿಲ್ಲ. ಅತ್ತು ಮುಗಿದಾಗ ಮುಷ್ಟಿಯೊಳಗಿದ್ದ ಮಾತ್ರೆ ಬೆವರಿಗೆ ಮೆತ್ತಗಾಗಿ ಅಂಗೈಗೆ ಅಂಟಿಕೊಂಡಿತ್ತು. ಅದನ್ನು ಸೆರಗಿಗೆ ಒರೆಸಿದಳು. ಸೊಂಟದಲ್ಲಿದ್ದ ಪಟ್ಟಿಯನ್ನು ತೆಗೆದು ಅವನ ಕಣ್ಣಿಗೆ ಕಾಣುವ ಹಾಗೆ ಕಿಟಕಿಯ ಮೇಲಿಟ್ಟಳು. ಸಂಜೆ ತೇಜಸ್ವಿನಿ ಬಂದಾಗ ಅವಳ ಕಣ್ಣಿಗೂ ಬೀಳಲಿ ಎಂದು ಅಲ್ಲೇ ಬಿಟ್ಟಳು. ಇವರ ಜ್ವರ ಬಿಡುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಯಾವುದು ಇವರನ್ನು ಉಳಿಸುತ್ತದೆ ಎಂಬುದೂ ಗೊತ್ತಿರಲಿಲ್ಲ. ಕರೋನಾ ಕಾಲದಲ್ಲೂ ಗೊತ್ತಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದಳು ಅಷ್ಟೇ.

ಅವನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ತಲೆಯನ್ನು ತುಸು ಎತ್ತಿದಳು. ಚೊಂಬನ್ನು ಅವನ ತುಟಿಯ ಹತ್ತಿರ ತಂದು ಹಿಡಿದಳು, ಕುಡಿಸಲಿಲ್ಲ.

"ಕೇಳಿ," ಎಂದಳು.

ಸಣ್ಣಸ್ವಾಮಿ ಅವಳ ಮುಖ ನೋಡಿದ.

"ಏನೇ ಅದು?"

"ನೀರು," ಎಂದಳು ವನಜಮ್ಮ. "ಬರೀ ನೀರು."

ಅವನು ಕುಡಿದ.